ಹರಿವಾಣದ ಮೂರನೆಯ ಸಾಲು

ಮೊನ್ನೆ ಪಾವಗಡಕ್ಕೆ, ನಮ್ಮಣ್ಣನ ಮಗಳು ಕಾವ್ಯಳ ಮನೆಗೆ ಹೋಗಿದ್ದೆ. ಹಬ್ಬಕ್ಕೆಂದು ಅವಳು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ಹಿತ್ತಲಲ್ಲಿ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ನೆನೆಸಿದ ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ನಾರು. ತಾಮ್ರಕ್ಕೆ ಹುಣಸೆ ಹುಳಿ ತಾಗಿದಾಗ ಏಳುವ ಒಂದು ವಾಸನೆ ಇದೆ, ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ. ಆ ವಾಸನೆ ಬಂದರೆ ಈಗಲೂ ನನಗೆ ಮಧುಗಿರಿಯ ಆ ಬೇಸಿಗೆ ನೆನಪಾಗುತ್ತದೆ. ನಾನೂ ಸೆರಗು ಸಿಕ್ಕಿಸಿ ಕೂತೆ. ಚೆಂಬು, ಬಿಂದಿಗೆ, ದೀಪದ ಕಂಬಗಳು ಒಂದೊಂದೇ ಥಳಥಳಿಸಿದವು. ಕೊನೆಗೆ ಗೋಡೆಗೆ ಒರಗಿಸಿಟ್ಟ ಒಂದು ತಟ್ಟೆ ಉಳಿಯಿತು. ಕಪ್ಪಗಾಗಿತ್ತು. ಅದಕ್ಕೆ ಕೈ ಚಾಚಿದೆ.

"ಅತ್ತೆ, ಅದನ್ನ ಬುಡಿ. ಅದನ್ನ ತಿಕ್ಕಬ್ಯಾಡ ಅಂತ ಅಜ್ಜಿ ಹೇಳವ್ಳೆ," ಅಂದಳು ಕಾವ್ಯ.

ಯಾವ ತಟ್ಟೆ ಎಂದು ಆಗ ಗೊತ್ತಾಯಿತು. ಅವಳ ಮದುವೆಗೆ ಅವ್ವ ಕೊಟ್ಟ ತಾಮ್ರದ ಹರಿವಾಣ. ನಮ್ಮವ್ವ ಒಂದು ಪಾತ್ರೆಯನ್ನು ತಿಕ್ಕಬೇಡ ಎಂದದ್ದನ್ನು ನಾನು ಹುಟ್ಟಿದಮೇಲೆ ಕೇಳಿರಲಿಲ್ಲ. ಚಾಚಿದ ಕೈ ಅಲ್ಲೇ ನಿಂತಿತು.

ಅವ್ವನ ಮೂವರು ಮಕ್ಕಳಲ್ಲಿ ಗಿರಿಜಕ್ಕ ದೊಡ್ಡವಳು. ಅವಳಾದ ಮೇಲೆ ಓಬಳೇಶಣ್ಣ, ಆಮೇಲೆ ನಾನು. ಅಕ್ಕ ಗಂಡನ ಮನೆಯಲ್ಲಿ ಬಾಳಲಾರದೆ ಒಂದು ದಿನ ತೌರೂರು ನಾಗಲಮಡಿಕೆಗೆ ವಾಪಸು ಬಂದಳು. ಅವ್ವ ಹಿಂತಿರುಗಿ ಹೋಗು ಎಂದಳು. ಅಕ್ಕ ಹೋಗಲಿಲ್ಲ. ತೌರಿನಲ್ಲೂ ನಿಲ್ಲದೆ ಮಧುಗಿರಿಯಲ್ಲಿ ಒಂದು ಕೋಣೆ ಹಿಡಿದಳು. ಅಂದಿನಿಂದ ಅವ್ವನ ಬಾಯಲ್ಲಿ ಗಿರಿಜ ಎಂಬ ಹೆಸರು ಬರಲಿಲ್ಲ. ತಪ್ಪಿ ಮಾತಿಗೆ ಬಂದರೂ 'ಆ ಮಧುಗಿರಿಯೋಳು' ಅನ್ನುತ್ತಿದ್ದಳು. ನನ್ನ ಮದುವೆಯಲ್ಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಚಪ್ಪರದ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು.

ಅಕ್ಕ ಮಾಡುತ್ತಿದ್ದದ್ದು ಪಾತ್ರೆಗಳಿಗೆ ಹೆಸರು ಹಾಕುವ ಕೆಲಸ. ಮಧುಗಿರಿ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಜಗಲಿಯ ಮೇಲೆ ಅವಳ ಮೇಜು. ಮದುವೆಗೋ ಗೃಹಪ್ರವೇಶಕ್ಕೋ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರಲೇಬೇಕು. ಅಂಗಡಿಯಲ್ಲಿ ಕೊಪ್ಪರಿಗೆ ಕೊಂಡವರು ಅದನ್ನು ಹೊತ್ತು ಅವಳ ಮುಂದೆ ನಿಲ್ಲುತ್ತಿದ್ದರು. ಕರೆಂಟಿನ ಪೆನ್ನು ಗುರ್ ಎಂದು ಅದುರುತ್ತಾ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತಿತ್ತು. ಅವಳ ಕೈಬರಹ ಅಚ್ಚಿನಂತಿತ್ತು. ವರ್ಷಗಟ್ಟಲೆ ಆ ಅದುರುವ ಪೆನ್ನು ಹಿಡಿದೂ ಹಿಡಿದೂ ಬಲಗೈಯ ಬೆರಳುಗಳಿಗೆ ಜೋಮು ಹಿಡಿಯಿತು. ಕಾಫಿಯ ಲೋಟ ಹಿಡಿದರೆ ಚೆಲ್ಲುವ ಹಾಗಾಯಿತು. ಆಗ ಲೇಸರ್ ಮಿಷನ್ನು ತಂದಳು.

ಅದನ್ನು ತಂದ ಮೇಲಿನ ಮೊದಲ ಮದುವೆ ಕಾಲ ಅದು. ಒಬ್ಬಳಿಗೆ ಆಗುತ್ತಿಲ್ಲ ಬಾ ಎಂದು ಕರೆದಳು. ಕೊಳಾಲದ ನಮ್ಮ ಹೊಲದಲ್ಲಿ ಆಗ ಕೆಲಸವಿರಲಿಲ್ಲ. ನಮ್ಮೆಜಮಾನರು ಹೋಗಿ ಬಾ ಎಂದರು.

ಮಧುಗಿರಿಯ ಬೇಸಿಗೆ ಬೇರೆ ಊರಿನ ಬೇಸಿಗೆಯಲ್ಲ. ಬೋಳು ಬಂಡೆಯ ಬೆಟ್ಟ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ಊರಿನ ಮೇಲೆ ವಾಪಸು ಬಿಡುತ್ತದೆ. ಹೊತ್ತು ಮುಳುಗಿದ ಮೇಲೂ ಜಗಲಿಯ ಕಲ್ಲು ಕಾದಿರುತ್ತಿತ್ತು. ನಾವಿಬ್ಬರೂ ಗೋಣಿಚೀಲ ಒದ್ದೆ ಮಾಡಿ ಕೆಳಗೆ ಹಾಸಿಕೊಂಡು ಕೂರುತ್ತಿದ್ದೆವು. ಅಕ್ಕ ಕಂಪ್ಯೂಟರಿನಲ್ಲಿ ಹೆಸರು ಕುಟ್ಟುವಳು. ನಾನು ಪಾತ್ರೆಯನ್ನು ಒರೆಸಿ ಮಿಷನ್ನಿನ ಕೆಳಗಿಡುತ್ತಿದ್ದೆ. ಮೇಲೊಂದು ಕಂಬ, ಅದಕ್ಕೆ ತಲೆಯಂಥ ಪೆಟ್ಟಿಗೆ, ಪೆಟ್ಟಿಗೆಯ ಅಡಿಯಲ್ಲಿ ಕೆಳಗೆ ನೋಡುವ ದುಂಡನೆಯ ಲೆನ್ಸು. ಕೆಂಪು ಗುರುತಿನ ಬೆಳಕು ಅಕ್ಷರ ಎಲ್ಲಿ ಬೀಳುತ್ತದೆಂದು ಮೊದಲು ತೋರಿಸುತ್ತಿತ್ತು. ಕೊರೆಯುವ ನಿಜವಾದ ಬೆಳಕು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಸ್ಟೀಲಿನ ಮೇಲೆ ಸಣ್ಣ ಕಿಡಿ ಓಡಾಡುತ್ತದೆ, ಇರುವೆ ಸಾಲಿನಷ್ಟು ಹೊಗೆ ಏಳುತ್ತದೆ, ನೋಡಿದರೆ ಹೆಸರು ಬಂದಿರುತ್ತದೆ. ಅಕ್ಕ ನನಗೂ ತನಗೂ ಹಸಿರು ಕನ್ನಡಕ ಹಾಕಿಸಿಯೇ ಅದನ್ನು ಶುರುಮಾಡುತ್ತಿದ್ದಳು.

ಮಿಷನ್ನನ್ನು ತಂದುಕೊಟ್ಟು ನೋಡಿಕೊಳ್ಳುತ್ತಿದ್ದವನು ಸಿರಾದ ನಜೀರಣ್ಣ. ಅವರಪ್ಪ ತಿದಿ ಹೊತ್ತುಕೊಂಡು ಊರೂರು ಸುತ್ತಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ನಾವು ಚಿಕ್ಕವರಿದ್ದಾಗ ನಾಗಲಮಡಿಕೆಗೂ ಬರುತ್ತಿದ್ದರಂತೆ.

"ನಮ್ಮಪ್ಪ ಪಾತ್ರೆಗೆ ಹೊಳಪು ಕೊಟ್ಟು ಬದುಕ್ದ. ನಾನು ಹೊಳಪಿಗೆ ಹೆದ್ರಿ ಬದುಕ್ತಾ ಇದೀನಿ ನೋಡಕ್ಕಾ," ಎಂದು ನಗುತ್ತಿದ್ದ.

ಯಾಕೆ ಹೆದರಿಕೆ ಎಂದು ಅವನೇ ಬಿಡಿಸಿ ಹೇಳಿದ್ದ. ಆ ಲೆನ್ಸಿನ ಮೇಲೊಂದು ಲೇಪ ಇರುತ್ತದೆ. ನೀರಿನ ಮೇಲೆ ಸೀಮೆಎಣ್ಣೆ ಬಿದ್ದರೆ ಬಣ್ಣಬಣ್ಣದ ಪೊರೆ ಏಳುತ್ತದಲ್ಲ, ಅಷ್ಟು ತೆಳು. ಬೆಳಕು ಗಾಜಿಗೆ ತಾಗಿ ಹಿಂದಕ್ಕೆ ಹೋಗದೆ ಪೂರ್ತಿ ಕೆಳಗಿಳಿಯಲಿ ಎಂದು ಆ ಪೊರೆ.

"ಹಾದು ಹೋಗೋ ಬೆಳಕು ಏನೂ ಮಾಡಲ್ಲಕ್ಕಾ. ನಿಂತ್ಕೊಂಡ ಬೆಳಕು ಸುಡ್ತದೆ. ಪೊರೆ ಮ್ಯಾಲೆ ಒಂದು ಬೆರಳಿನ ಗುರುತು, ಒಂದು ಮಸಿ ಕಣ ಕೂತ್ರೂ ಸಾಕು, ಬೆಳಕು ಅಲ್ಲಿ ನಿಂತ್ಬುಡ್ತದೆ. ಅದ್ಕೇ ಯಾರೂ ಮುಟ್ಬೇಡಿ. ಇನ್ನೊಂದು, ಕನ್ನಡಿ ತರ ಹೊಳಿಯೋ ಸಾಮಾನು ನೇರಾ ಇಡ್ಬೇಡಿ. ಬಿದ್ದ ಬೆಳಕು ಅಂಗೇ ಎದ್ದು ವಾಪಸ್ ಲೆನ್ಸಿಗೇ ಬರ್ತದೆ. ಒಂಚೂರು ವಾರೆ ಇಡಿ, ಇಲ್ಲಾ ಮ್ಯಾಲೆ ಮಸಿ ಬಳೀರಿ. ಚಮಕ್ ಇದಕ್ಕೆ ದುಶ್ಮನ್."

ಅವನು ಬಂದಾಗೆಲ್ಲ ಮೊದಲು ಬೈಯುತ್ತಿದ್ದದ್ದು ಲೆನ್ಸಿನ ಹತ್ತಿರ ಕೈ ತಂದವರನ್ನು. ಅಂಗಡಿಯ ಶೆಟ್ಟರನ್ನೂ ಬಿಡುತ್ತಿರಲಿಲ್ಲ. "ಸಾವ್ಕಾರ್ರೇ, ನಿಮ್ಮ ಬೆರಳು ಗಲ್ಲಾಪೆಟ್ಟಿಗೇಲಿ ಇರ್ಲಿ," ಅನ್ನುವನು.

ಕಾವ್ಯಳ ಮದುವೆಗೆ ಇನ್ನು ಕೆಲವೇ ದಿನ ಇತ್ತು. ಒಂದು ಬೆಳಿಗ್ಗೆ ಓಬಳೇಶಣ್ಣ ಪಾವಗಡದ ಬಸ್ಸಿಳಿದು ನೇರವಾಗಿ ಜಗಲಿಗೆ ಬಂದ. ಕಂಕುಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ದೊಡ್ಡ ತಟ್ಟೆ. ಬಿಚ್ಚಿದ. ಅವ್ವನಿಗೆ ಅವಳ ತೌರಿನಿಂದ ಬಂದಿದ್ದ ತಾಮ್ರದ ಹರಿವಾಣ ಅದು. ಅದನ್ನು ಅವ್ವ ಎಷ್ಟು ತಿಕ್ಕಿದ್ದಳೆಂದರೆ ಅಂಗಡಿಯ ತೊಲೆ, ನೇತುಹಾಕಿದ ಸೌಟು, ನಮ್ಮ ಮೂವರ ಮುಖ ಎಲ್ಲವೂ ಅದರೊಳಗೆ ಇದ್ದವು.

"ಅವ್ವ ಕಳ್ಸವ್ಳೆ. ಮೂರು ಸಾಲು ಹಾಕ್ಬೇಕಂತೆ. ಮೊದ್ಲು ಕಾವ್ಯ, ಆಮ್ಯಾಕೆ ಅವ್ವ, ಅವ್ವನ ಕೆಳಗೆ ನೀನು."

"ನಾನಾ?" ಅಂದಳು ಅಕ್ಕ.

"ನೀನೇ ಕಣಕ್ಕ. ಅತ್ತೆ ಗಿರಿಜಮ್ಮ ಅಂತ."

"ಅವ್ವ ಅಂಗೇ ಅಂದ್ಲಾ? ಹೆಸ್ರು ಹೇಳಿದ್ಲಾ?"

ಅಣ್ಣ ನಕ್ಕ. "ಹೆಸ್ರೆಲ್ಲಿ ಹೇಳ್ತಾಳೆ ನಿಮ್ಮವ್ವ. 'ನನ್ ಕೆಳಗೆ ಮಧುಗಿರಿಯೋಳ್ದೂ ಹಾಕ್ಸು, ಮದ್ವೆಗೆ ಬರಾಕ್ ಹೇಳು' ಅಂದ್ಲು. ಎರಡು ದಿನ ಆಯ್ತು, ಹುಣಸೆಹಣ್ಣು ಹಿಡ್ಕೊಂಡು ಇದರ ಮುಂದೇ ಕೂತವ್ಳೆ. ನನ್ ಹೆಂಡ್ತಿ ನಾನು ತಿಕ್ತೀನಿ ಅಂದ್ರೂ ಕೊಡ್ಲಿಲ್ಲ."

ಅಕ್ಕ ಹರಿವಾಣವನ್ನು ಎತ್ತಿಕೊಂಡು ಮೂಸಿ ನೋಡಿದಳು. ನನಗೂ ಕೊಟ್ಟಳು. ತಾಮ್ರದ ಮೇಲೆ ಹುಣಸೆಯ ವಾಸನೆ ಇನ್ನೂ ಇತ್ತು. ಒಳಗಿನಿಂದ ಶೆಟ್ಟರು ಕೂಗಿದರು: "ಏನ್ ಗಿರಿಜಮ್ಮ, ಊರೋರ ಹೆಸ್ರೆಲ್ಲಾ ಕೆತ್ತಿದ್ದಾಯ್ತು, ಇವತ್ತು ನಿನ್ ಹೆಸ್ರಿಗೂ ಪಾಳಿ ಬಂತು!" ಅವರಿಗೆ ನಮ್ಮ ಮನೆಯ ವಿಷಯ ಅಷ್ಟಿಷ್ಟು ಗೊತ್ತಿತ್ತು. ಅಕ್ಕ ಎಂದೂ ಯಾರಿಗೂ ತನ್ನ ಹೆಸರಿನ ಪಾತ್ರೆ ಕೊಟ್ಟವಳಲ್ಲ. ಒಂಟಿ ಹೆಂಗಸನ್ನು ಮನೆಯವಳೆಂದು ಕರೆದವರೇ ಕಡಿಮೆ.

ಅಣ್ಣ ಹರಿವಾಣ ಬಿಟ್ಟು ಊರಿಗೆ ಹೋದ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅಕ್ಕ ಅದನ್ನು ಮಿಷನ್ನಿನ ಕೆಳಗಿಟ್ಟಳು. ನಾನು ಕಪ್ಪು ಮಾರ್ಕರ್ ತೆಗೆದುಕೊಟ್ಟೆ. ಹೊಳೆಯುವ ಹಿತ್ತಾಳೆಗೆ ನಾವು ಹಾಗೇ ಮಾಡುತ್ತಿದ್ದೆವು, ಮಸಿ ಬಳಿದು, ಹೆಸರು ಹಾಕಿ, ಆಮೇಲೆ ಒರೆಸುವುದು.

"ತೆಗಿ ಅತ್ಲಾಗೆ," ಅಂದಳು. "ಅವ್ವ ಎರಡು ದಿನ ತಿಕ್ಕಿ ಕಳ್ಸವ್ಳೆ, ನಾನು ಅದ್ಕೆ ಮಸಿ ಬಳೀಲಾ?"

"ಹೋಗ್ಲಿ, ಒಂಚೂರು ವಾರೆ ಆದ್ರೂ ಇಡಕ್ಕ. ನಜೀರಣ್ಣ ಹೇಳವ್ನೆ."

"ವಾರೆ ಇಟ್ರೆ ಒಂದು ಕಡೆ ಅಕ್ಷರ ದಪ್ಪ, ಒಂದು ಕಡೆ ಸಣ್ಣ ಆಯ್ತವೆ. ಬ್ಯಾರೆಯೋರ್ದು ಆಗಿದ್ರೆ ನಡೀತಿತ್ತು. ಮೂರು ಸಾಲು ತಾನೆ, ಏನಾಗಲ್ಲ ಬುಡು."

ಅದೂ ನಿಜವೇ. ವಾರೆ ಇಟ್ಟ ಹಿತ್ತಾಳೆಯ ಬರಹ ಅವಳಿಗೆ ಎಂದೂ ಹಿಡಿಸಿರಲಿಲ್ಲ.

ಒಂದೊಂದೇ ಸಾಲು, ತಟ್ಟೆಯನ್ನು ಸರಿಸಿ ಸರಿಸಿ ಲೆನ್ಸಿನ ನೇರಕ್ಕೆ ತಂದು ಹಾಕಿದಳು. ತಾಮ್ರ ಸ್ಟೀಲಿನ ಹಾಗಲ್ಲ, ಬೇಗ ಗುರುತು ಹಿಡಿಯುವುದಿಲ್ಲ. ಮೊದಲನೆಯ ಸುತ್ತಿನಲ್ಲಿ ಉಗುರಿನಿಂದ ಗೀಚಿದಷ್ಟೇ ಬಂತು. ಅಕ್ಕ ಬೆಳಕಿನ ಬಿಸುಪು ಏರಿಸಿದಳು. ಅದರ ಮೇಲೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. 'ಚಿ. ಸೌ. ಕಾವ್ಯಳಿಗೆ' ಎಂಬುದು ಕಡೆಗೆ ಕಂದು ಬಣ್ಣಕ್ಕೆ ಚೆನ್ನಾಗಿ ಕೂತಿತು. 'ಅಜ್ಜಿ ನಾಗಮ್ಮ' ಕೂಡ ಬಂತು, ಕೊನೆಯ ಅಕ್ಷರ ಸ್ವಲ್ಪ ಮಾಸಲು. ಅಕ್ಕ ಅದರ ಮೇಲೆ ಮತ್ತೆ ಓಡಿಸಿದಳು. ಹರಿವಾಣದ ಮೇಲೆ ಕಿಡಿ ಕುಣಿಯುತ್ತಿತ್ತು. ಬಿದ್ದ ಬೆಳಕು ಅಷ್ಟೇ ಜೋರಾಗಿ ಎದ್ದು ಹೋಗುತ್ತಿತ್ತೆಂದು ನಮಗೆ ಕಾಣುವ ಹಾಗಿರಲಿಲ್ಲ.

ಮೂರನೆಯ ಸಾಲಿಗೆ ಬಂದಾಗ ಅವಳು ಕೈ ಒರೆಸಿಕೊಂಡಳು. "ಗಿರಿಜಮ್ಮ ಅಂತಲೇ ಇರ್ಲಾ, ಗಿರಿಜ ಅಂತ ಇಡ್ಲಾ?" ಎಂದು ಕೇಳಿದಳು. ಗಿರಿಜಮ್ಮ ಅಂತಲೇ ಇರಲಿ ಎಂದೆ. ಗುಂಡಿ ಒತ್ತಿದಳು.

ಕಿಡಿ ಸರಿಯಾಗಿ ಏಳಲಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಕೂರುವ ಆವಿಯಷ್ಟು ಏನೋ ಬಂದ ಹಾಗಾಯಿತು. ಬಿಸುಪು ಇನ್ನೂ ಏರಿಸಿದಳು. ಪೆಟ್ಟಿಗೆಯೊಳಗೆ ಚಿಟ್ ಎಂದಿತು. ಅಷ್ಟೇ. ಆಮೇಲೆ ಕೆಂಪು ಗುರುತಿನ ಬೆಳಕೂ ತಟ್ಟೆಯ ಮೇಲೆ ಚೆದುರಿ ಬೀಳತೊಡಗಿತು.

ನಜೀರಣ್ಣ ಸಂಜೆಗೆ ಸಿರಾದಿಂದ ಬೈಕಿನಲ್ಲಿ ಬಂದ. ಲೆನ್ಸು ಬಿಚ್ಚಿ ಟಾರ್ಚಿನ ಬೆಳಕಿಗೆ ವಾರೆ ಹಿಡಿದ. ನಾನೂ ಬಗ್ಗಿ ನೋಡಿದೆ. ನೇರಳೆ ಹಸಿರು ಹೊಳೆಯುವ ಪೊರೆಯ ನಡುವೆ ಬೆಳ್ಳಗೆ ಒಂದು ಮಚ್ಚೆ, ಹಾಲಿನ ಕೆನೆ ಒಡೆದ ಹಾಗೆ. ಅಂಚಿನಲ್ಲಿ ಪೊರೆ ಸಿಪ್ಪೆ ಎದ್ದಿತ್ತು. ಮಚ್ಚೆಯಿಂದ ಗಾಜಿನೊಳಕ್ಕೆ ಕೂದಲೆಳೆಯ ಬಿರುಕು.

"ಒಂದೇ ಏಟಿಗೆ ಆಗಿದ್ದಲ್ಲಕ್ಕಾ ಇದು," ಅಂದ. "ಮೊದ್ಲು ಸಾಸಿವೆಗಿಂತ ಸಣ್ಣ ಚುಕ್ಕಿ ಎದ್ದದೆ. ಆ ಚುಕ್ಕಿ ಬೆಳಕು ಕುಡಿದು ಕಾಯ್ತದೆ, ಕಾದ್ರೆ ಸುತ್ತ ಪೊರೆ ಏಳ್ತದೆ. ಹಿಂದೆ ಬರೋ ಬೆಳಕಿಗೆ ಇನ್ನೂ ದೊಡ್ಡ ಚುಕ್ಕಿ ಸಿಕ್ತು. ಅದು ಇನ್ನೂ ಕುಡೀತು. ಅಂಗೇ ಬೆಳ್ಕೊಂಡು ಹೋಯ್ತದೆ. ಮ್ಯಾಲಿಂದ ಬರೋದು ಸಾಲ್ದು ಅಂತ ಕೆಳಗಿಂದಾನೂ ಬಂದದೆ." ಹರಿವಾಣದ ಕಡೆ ನೋಡಿದ. "ಯಾ ಅಲ್ಲಾ. ಇದನ್ನ ಯಾರು ತಿಕ್ಕಿದ್ದು?"

"ನಮ್ಮವ್ವ," ಅಂದಳು ಅಕ್ಕ.

ಬೈಯುವುದಕ್ಕೆ ಬಾಯಿ ತೆರೆದಿದ್ದವನು ಒಡೆದ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಹೊಸ ಲೆನ್ಸು ಬೆಂಗಳೂರಿನಿಂದ ಬರಬೇಕು, ಮದುವೆಯೊಳಗೆ ಬರಲಾರದು ಎಂದಷ್ಟೇ ಹೇಳಿ ಹೊರಟ.

ಮಾರನೆಯ ದಿನ ಅಕ್ಕ ಹಳೆಯ ಪೆನ್ನನ್ನು ಹುಡುಕಿ ತೆಗೆದಳು. ವೈರು ಸಿಕ್ಕಿಸಿದಳು. ಗುರ್ ಎಂದಿತು. ಒಂದು ಹಳೆಯ ತಾಮ್ರದ ಚೂರಿನ ಮೇಲೆ ತನ್ನ ಹೆಸರು ಬರೆದು ನೋಡಿದಳು. ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ ಹೋದವು. ಬೆರಳು ಹಿಡಿತಕ್ಕೆ ಬರಲಿಲ್ಲ. ಪೆನ್ನನ್ನು ಹರಿವಾಣದ ಹತ್ತಿರ ತಂದು ಎಷ್ಟೋ ಹೊತ್ತು ಹಿಡಿದುಕೊಂಡಿದ್ದು ಸ್ವಿಚ್ಚು ಆರಿಸಿದಳು.

"ಸೊಟ್ಟಗಿದ್ರೂ ಪರ್ವಾಗಿಲ್ಲಕ್ಕ, ಬರೀ," ಅಂದೆ.

"ಇಷ್ಟು ವರ್ಷ ಆದ್ಮ್ಯಾಕೆ ಅವ್ವನ ಕೆಳಗೆ ಕೂರೋದು, ಸೊಟ್ಟಗೆ ಕೂರ್ಲಾ? ಲೆನ್ಸು ಬರ್ಲಿ. ಆಮ್ಯಾಕೆ ತರ್ಸಿ ಅಚ್ಚುಕಟ್ಟಾಗಿ ಹಾಕ್ತೀನಿ."

ಹೋಗಲಿ, ಮದುವೆಗೆ ಬಾ ಎಂದೆ. ಅವಳು ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಳು. ಹೊರಡುವ ದಿನ ಬೆಳಿಗ್ಗೆ ಮನಸ್ಸು ಬದಲಾಯಿಸಿದಳು. "ಎಲ್ಲಾರೂ ಹರಿವಾಣ ನೋಡ್ತಾರೆ. ಅದ್ರಾಗೆ ನನ್ ಹೆಸ್ರಿಲ್ಲ. ನಾನು ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ? ನೀನು ಹರಿವಾಣ ತಗೊಂಡು ಹೋಗಿ ಅವ್ವಂಗೆ ಹಿಂಗಿಂಗಾಯ್ತು ಅಂತ ಬಿಡ್ಸಿ ಹೇಳು."

ಹೇಳಿದೆ. ನಾಗಲಮಡಿಕೆಯಲ್ಲಿ ಚಪ್ಪರದ ಮೂಲೆಗೆ ಅವ್ವನನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಅವ್ವನಿಗೆ ಓದು ಬರುವುದಿಲ್ಲ. ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸಾಲುಗಳನ್ನು ತಡವಿದಳು. ಒಂದು. ಎರಡು. ಬೆರಳು ಕೆಳಗಿಳಿದು ನುಣ್ಣನೆಯ ತಾಮ್ರದ ಮೇಲೆ ಜಾರಿತು.

"ಎಲ್ಲಿ ಮೂರ್ನೇದು?"

ಲೆನ್ಸು, ಪೊರೆ, ಬೆಳಕು ಎಂದು ಮತ್ತೆ ಮೊದಲಿನಿಂದ ಶುರುಮಾಡಿದೆ. ಜಾಗ ತೋರಿಸೋಣವೆಂದು ತಟ್ಟೆಯನ್ನು ಅತ್ತ ಇತ್ತ ವಾಲಿಸಿದೆ. ಚಪ್ಪರದ ದೀಪಗಳು ಅದರೊಳಗೆ ಝಗಝಗಿಸಿ ನನ್ನ ಕಣ್ಣಿಗೇ ಏನೂ ಕಾಣಲಿಲ್ಲ.

"ಸಾಕು ಬುಡಮ್ಮ," ಅಂದಳು ಅವ್ವ. "ಬೆಳಕು ಗಾಜನ್ನ ಸುಡ್ತಂತೆ. ಗಾಜು ಹುಟ್ಟೋದೇ ಬೆಂಕೀಲಿ. ಮೊಮ್ಮಗಳ ಹೆಸ್ರಿಗೆ ಬೆಳಕು ಸಾಲ್ತು, ನನ್ ಹೆಸ್ರಿಗೆ ಸಾಲ್ತು, ಅವಳ ಹೆಸ್ರಿಗೆ ಮಾತ್ರ ಸಾಲ್ದೆ ಬಂತಾ? ನನ್ ಕೆಳಗೆ ಕೂರಾಕೆ ಅವಳಿಗೆ ಇಷ್ಟ ಇಲ್ಲ. ಅದ್ಕೇ ಬರ್ಲೂ ಇಲ್ಲ."

"ಇಲ್ಲಕಣವ್ವ, ನೀನು ಅಷ್ಟು ತಿಕ್ಕಿದ್ದಕ್ಕೇ..." ಎಂದು ಬಾಯಿಗೆ ಬಂತು. ಎರಡು ದಿನ ಕೂತು ತಿಕ್ಕಿದ ಅವಳ ಕೈ ನೋಡಿದೆ. ಉಗುರ ಸಂದಿನಲ್ಲಿ ಇನ್ನೂ ಹುಣಸೆಯ ಕರೆ ಇತ್ತು. ಆ ಮಾತು ನನ್ನಲ್ಲೇ ಉಳಿಯಿತು. ಅದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳೆಂದು ನನಗೆ ಅನ್ನಿಸುವುದಿಲ್ಲ.

ಲೆನ್ಸು ಬಂತು. ಮಿಷನ್ನು ಮೊದಲಿನಂತಾಯಿತು. ಹರಿವಾಣ ಕಳಿಸಿ ಎಂದು ಅಕ್ಕ ಅಣ್ಣನಿಗೆ ಎಷ್ಟೋ ಸಲ ಫೋನು ಮಾಡಿದಳು. ಅಷ್ಟರಲ್ಲಿ ಅದು ಕಾವ್ಯಳ ಜೊತೆ ಪಾವಗಡಕ್ಕೆ ಹೋಗಿತ್ತು. ಮದುವೆಯಲ್ಲಿ ಕೊಟ್ಟದ್ದನ್ನು ವಾಪಸು ಕೇಳಬಾರದು ಎಂದು ಅವ್ವ ತಡೆದಳು. ನಾನು ಕೊಳಾಲಕ್ಕೆ ಬಂದೆ. ಮಳೆ ಬಂತು, ಬಿತ್ತನೆ ಬಂತು. ಒಂದು ಸಲ ಪಾವಗಡಕ್ಕೆ ಹೋಗಿ ತರೋಣ ಎಂದು ಅಕ್ಕ, ಹೋಗೋಣ ಎಂದು ನಾನು, ಫೋನಿನಲ್ಲಿ ಹೇಳಿಕೊಳ್ಳುತ್ತಲೇ ಇದ್ದೆವು. ಬಸ್ಸು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರ.

ಅದರ ಮುಂದಿನ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅಕ್ಕನಿಗೆ ಕಾಮಾಲೆ ಬಂತು. ನಾಟಿ ಔಷಧಿ ಆಯಿತು, ಆಸ್ಪತ್ರೆ ಆಯಿತು. ಉಳಿಯಲಿಲ್ಲ.

ಅವ್ವ ಮಧುಗಿರಿಗೆ ಬಂದದ್ದು ಆಗಲೇ. ಮಣ್ಣು ಮಾಡಿ ಬಂದ ಮಾರನೆಯ ದಿನ, ಅವಳು ಕೂರುತ್ತಿದ್ದ ಜಾಗ ನೋಡಬೇಕು ಎಂದಳು. ಜಗಲಿಗೆ ಕರೆದುಕೊಂಡು ಹೋದೆ. ಶೆಟ್ಟರು ಎದ್ದು ಸ್ಟೂಲು ಕೊಟ್ಟರು. ಅವ್ವ ಕೂರಲಿಲ್ಲ. ಸುದ್ದಿ ಕೇಳಿ ಸಿರಾದಿಂದ ಬಂದಿದ್ದ ನಜೀರಣ್ಣನೂ ಅಲ್ಲೇ ಇದ್ದ.

"ಇದೇನಾ?" ಎಂದು ಅವ್ವ ಮಿಷನ್ನಿನ ಹತ್ತಿರ ಹೋದಳು. ಕಂಬ ಮುಟ್ಟಿದಳು. ಬಗ್ಗಿ, ಪೆಟ್ಟಿಗೆಯ ಅಡಿಗೆ ಕೈ ತೂರಿಸಿ, ಲೆನ್ಸಿನ ಮೇಲೆ ಬೆರಳಿಟ್ಟು ಮೆಲ್ಲಗೆ ಸವರಿದಳು. ನಾನು ನಜೀರಣ್ಣನ ಮುಖ ನೋಡಿದೆ. ಅವನು ಅವ್ವ ಕೈ ತೆಗೆಯುವವರೆಗೂ ಕಾದು, ನಾವು ಜಗಲಿ ಇಳಿದ ಮೇಲೆ, ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದ.

ಇಷ್ಟೆಲ್ಲ ಕಾವ್ಯಳ ಹಿತ್ತಲಲ್ಲಿ ಹುಣಸೆಹಣ್ಣಿನ ಕೈಯಲ್ಲಿ ಕೂತಾಗ ನೆನಪಾಯಿತು. ಅಜ್ಜಿ ಯಾಕೆ ಹಾಗೆ ಹೇಳಿದಳು ಎಂದು ಕೇಳಿದೆ.

"ಮದ್ವೆ ಆದ್ಮ್ಯಾಕೆ ನಾನು ಅದನ್ನ ಅಟ್ಟದ ಮ್ಯಾಲೆ ಹಾಕಿದ್ನಾ, ತಿರ್ಗಿ ಇಳಿಸ್ಲೇ ಇಲ್ಲ," ಅಂದಳು ಕಾವ್ಯ. "ಹೋದ ಯುಗಾದಿಗೆ ಅಜ್ಜಿ ಬಂದಿದ್ಲು. ಕಪ್ಪಾಗ್ಬುಟ್ಟೈತೆ, ಏನೇ ಸೋಮಾರಿ ನೀನು ಅಂತ ಬೈಕೊಂಡು ತಿಕ್ಕಾಕೆ ತಗೊಂಡ್ಲು. ನಾರು ಹಚ್ಚಾಕ್ ಮೊದ್ಲು ಅಂಗೇ ನಿಂತ್ಕಂಬುಟ್ಲು. ಬಿಸಿಲಿಗೆ ಹಿಡಿದು ಎಣಿಸಿದ್ಲು. 'ಕಾವ್ಯಾ, ಇಲ್ಲಿ ಮೂರು ಐತೆ ಕಣೆ. ಮೂರ್ನೇದು ಓದು' ಅಂದ್ಲು. ಓದ್ದೆ."

"ಏನಂದ್ಲು?"

"ಇನ್ನೊಂದ್ಸಲ ಓದು ಅಂದ್ಲು. ಓದ್ದೆ. ಆಮ್ಯಾಕೆ ತಾನೂ ಒಂದ್ಸಲ ಅಂದ್ಲು. ಗಿರಿಜಮ್ಮ ಅಂತ. ತಿಕ್ಕಿದ್ರೆ ಹೊಂಟೋಯ್ತದೆ, ಇದನ್ನ ಯಾವತ್ತೂ ತಿಕ್ಕಬ್ಯಾಡ ಅಂದು ಒಳಗೆ ಹೋಗಿ ಮಲಿಕ್ಕಂಡ್ಲು. ಮಧ್ಯಾಹ್ನ ಊಟಕ್ಕೂ ಏಳ್ಲಿಲ್ಲ."

ನಾನು ಎದ್ದು ತೊಟ್ಟಿಯ ನೀರಿನಲ್ಲಿ ಕೈ ತೊಳೆದೆ. ಉಗುರ ಸಂದಿಯ ಹುಳಿಯನ್ನೂ ಬಿಡದೆ ತೊಳೆದು, ಸೆರಗಿನಲ್ಲಿ ಒರೆಸಿ, ಪೂರ್ತಿ ಒಣಗುವವರೆಗೂ ಕಾದೆ. ಆಮೇಲೆ ಹರಿವಾಣವನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದೆ.

ತಾಮ್ರ ಕಪ್ಪಿಟ್ಟಿತ್ತು. ಸುಟ್ಟ ಲೆನ್ಸಿನಿಂದ ಅಳಿದುಳಿದು ಇಳಿದ ಬೆಳಕು ತಾಗಿದ್ದ ಕಡೆ ಮಾತ್ರ ಆ ಕಪ್ಪು ಬೇರೆ ಬಣ್ಣಕ್ಕೆ ಕೂತಿತ್ತು. ಅವ್ವನ ಹೆಸರಿನ ಕೆಳಗೆ, ಸೊಟ್ಟಗಾಗದೆ, ಅಚ್ಚುಕಟ್ಟಾಗಿ ಇತ್ತು. ಅತ್ತೆ ಗಿರಿಜಮ್ಮ.